ಸದ್ದು ನಿಂತ ಮಧ್ಯಾಹ್ನ

೨೦೦೬ನೇ ಇಸವಿ ಡಿಸೆಂಬರ್ ೧೨, ಮಂಗಳವಾರ, ಬೆಳಗ್ಗೆ ಆರೂಕಾಲು. ಮಗು ಕೆಮ್ಮಲು ಶುರು ಮಾಡಿದ್ದು ಆಗ. ಹುಳುಮನೆಯ ಉಷ್ಣಮಾಪಕ ನೋಡಲು ನಾನು ಆಗಷ್ಟೇ ಎದ್ದಿದ್ದರಿಂದ ಹೊತ್ತು ಸರಿಯಾಗಿ ನೆನಪಿದೆ. ಇಪ್ಪತ್ತೊಂದು ಡಿಗ್ರಿ ಇತ್ತು. ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಕೊನೆಯ ಹಂತಕ್ಕೆ ಬಂದ ರೇಷ್ಮೆ ಹುಳುವಿಗೆ ಅಷ್ಟು ಸಾಲದು. ಇದ್ದಿಲ ಅಗ್ಗಿಷ್ಟಿಕೆಗೆ ಇನ್ನೊಂದು ಬೊಗಸೆ ಇದ್ದಿಲು ಸುರಿಯುತ್ತಿದ್ದಾಗ ಗೋಡೆಯ ಆಚೆಯಿಂದ ಕೆಮ್ಮು ಕೇಳಿಸಿತು. ಒಣಕೆಮ್ಮು. ಎರಡು ಕೆಮ್ಮಿನ ನಡುವೆ ತೆಳ್ಳಗೆ ಸೀಟಿ.

ನಮ್ಮೂರು ಚನ್ನಪಟ್ಟಣ ತಾಲ್ಲೂಕಿನಲ್ಲಿ, ಬೈರಾಪಟ್ಟಣದ ಕಡೆಯಿಂದ ಒಳಕ್ಕೆ ಹೋಗಬೇಕು. ಮನೆಯಲ್ಲಿರುವುದು ಅವ್ವ, ಅಕ್ಕ, ಅಕ್ಕನ ಆರು ವರ್ಷದ ಮಗಳು ಮತ್ತು ನಾನು. ಭಾವ ಲಾರಿ ಓಡಿಸುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ. ಅಕ್ಕ ಬಿಡದಿ ಕಡೆಯ ಒಂದು ಕಾರ್ಖಾನೆಗೆ ಹೋಗುತ್ತಾಳೆ. ಕಂಪನಿ ಬಸ್ಸು ಐದೂವರೆಗೇ ಬಂದು ಕರೆದೊಯ್ಯುತ್ತದೆ. ಆದ್ದರಿಂದ ಹುಳು ಮೇಯಿಸುವುದೂ ಮಗುವನ್ನು ನೋಡಿಕೊಳ್ಳುವುದೂ ನನ್ನ ಕೆಲಸ. ಎರಡೂ ಒಂದೇ ಸೂರಿನ ಕೆಳಗೆ. ನಡುಮನೆಗೂ ಹುಳುಮನೆಗೂ ನಡುವಿನ ಗೋಡೆ ಆಳೆತ್ತರಕ್ಕೆ ನಿಂತಿದೆ, ಹೆಂಚಿನವರೆಗೆ ಹೋಗಿಲ್ಲ. ಈ ಕಡೆಯ ಗಾಳಿಯೇ ಆ ಕಡೆಗೂ.

ಮಗುವಿಗೆ ಆಸ್ತಮಾ ಎಂದು ಆ ವರ್ಷ ಮಳೆಗಾಲದಲ್ಲಿ ಚನ್ನಪಟ್ಟಣದ ಮಕ್ಕಳ ಡಾಕ್ಟರು ಹೇಳಿದ್ದರು. ನೀಲಿ ಪಂಪು, ಅದನ್ನು ಸಿಕ್ಕಿಸುವ ಪ್ಲಾಸ್ಟಿಕ್ ಬುರುಡೆ, ಅದರ ತುದಿಗೆ ಮೂಗು ಬಾಯಿ ಮುಚ್ಚುವ ಮಾಸ್ಕು ಕೊಡಿಸಿ, ಹೇಗೆ ಹಿಡಿಯಬೇಕೆಂದು ನನ್ನ ಕೈಯಲ್ಲೇ ಮಾಡಿಸಿ ನೋಡಿದ್ದರು. ಜೊತೆಗೆ ಒಂದು ಚೀಟಿ. ಅದನ್ನು ಬಾಗಿಲ ಹಿಂದೆ ಅಂಟಿಸಿದ್ದೆ. ದಮ್ಮು ಬಂದರೆ ನಾಲ್ಕು ಸಲ ಒತ್ತಿ, ಒಂದೊಂದೇ. ಒಂದು ಒತ್ತಿಗೆ ಐದಾರು ಉಸಿರು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ನಾಲ್ಕು, ಹಾಗೆ ಮೂರು ಸಲ. ಒಂದು ಗಂಟೆಯಲ್ಲಿ ತಗ್ಗದಿದ್ದರೆ, ಅಥವಾ ತಗ್ಗಿ ಮೂರು ಗಂಟೆಯೊಳಗೆ ತಿರುಗಿ ಬಂದರೆ, ಕರೆದುಕೊಂಡು ಬನ್ನಿ. ಇದು ನಮ್ಮ ಮಗುವನ್ನು ನೋಡಿ ಬರೆದದ್ದು. ಬೇರೆ ಮಕ್ಕಳಿಗೆ ಅವರವರ ಡಾಕ್ಟರು ಹೇಳಬೇಕು.

ನಾನು ಹೋದಾಗ ಮಗು ಎದ್ದು ಕೂತು ಎರಡು ಕೈಯನ್ನೂ ಚಾಪೆಗೆ ಊರಿಕೊಂಡಿತ್ತು.

"ಚಿಕ್ಕಿ, ನನ್ನೊಳ್ಗೆ ಬೆಕ್ಕಿನ ಮರಿ ಐತೆ," ಅಂದಳು.

"ಏನಂತದೆ?"

"ಹಾಲು ಬೇಕಂತೆ. ಸಕ್ಕರೆ ಜಾಸ್ತಿ ಹಾಕಿ."

ಒಂದೇ ಉಸಿರಿಗೆ ಇಷ್ಟು ಮಾತಾಡಿದಳಲ್ಲ ಎಂದು ಸಮಾಧಾನವಾಯಿತು. ಆದರೆ ಅಂಗಿ ಎತ್ತಿ ನೋಡಿದರೆ ಉಸಿರೆಳೆದಾಗೆಲ್ಲ ಪಕ್ಕೆಯ ಸಂದು ಒಳಕ್ಕೆ ಹೋಗುತ್ತಿತ್ತು. ಗಡಿಯಾರ ಹಿಡಿದು ಒಂದು ನಿಮಿಷ ಎಣಿಸಿದೆ. ನಲವತ್ತೆರಡು.

ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಸೀತ ಆಗೈತೆ ಅಷ್ಟೆ ಕಣಮ್ಮಿ. ಒಸಿ ಮೆಣಸಿನ ಕಷಾಯ ಕುಡ್ಸು, ಬೆಚ್ಚಗೆ ಹೊದ್ಸಿ ಮಲಗ್ಸು."

"ಸೀತ ಅಲ್ಲ ಕಣವ್ವ. ಪಕ್ಕೆ ನೋಡು, ಎಂಗೆ ಎಳೀತೈತೆ."

"ನಿನ್ನೂ ಹಂಗೇ ಸಾಕಿದ್ದು. ಆಗ ಯಾವ ಪಂಪಿತ್ತು?"

ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಪಂಪು ಚೆನ್ನಾಗಿ ಅಲ್ಲಾಡಿಸಿ, ಮಾಸ್ಕು ಕೆನ್ನೆಗೆ ಸಂದಿಲ್ಲದ ಹಾಗೆ ಒತ್ತಿ ಹಿಡಿದೆ. ಬುರುಡೆಯ ಬಾಯಲ್ಲಿರುವ ತೆಳು ರೆಪ್ಪೆ ಉಸಿರಿಗೆ ತೆರೆದು ಮುಚ್ಚುವುದನ್ನು ನೋಡಿಕೊಂಡು ಎಣಿಸಬೇಕು. ಅದು ಆಡದಿದ್ದರೆ ಔಷಧಿ ಒಳಗೆ ಹೋಗಿಲ್ಲ ಎಂದರ್ಥ. ಅಂದು ಚೆನ್ನಾಗಿ ಆಡಿತು. ಮೂರನೇ ಸಲ ಮುಗಿಯುವ ಹೊತ್ತಿಗೆ ಸೀಟಿ ತಗ್ಗಿತು, ಉಸಿರು ಮೂವತ್ತಕ್ಕೆ ಇಳಿಯಿತು. ಮಗು ಹಾಲು ಕೇಳಿ ಕುಡಿದಳು, ಸಕ್ಕರೆ ಸಾಲದು ಎಂದು ತಗಾದೆ ತೆಗೆದಳು.

ಎಂಟೂವರೆಗೆ ನಾನು ಸೊಪ್ಪಿಗೆ ಹೊರಟೆ. ಹೋಗದೆ ಗತಿಯಿರಲಿಲ್ಲ. ಕೊನೆಯ ಹಂತದ ಹುಳು ಹಗಲೂ ರಾತ್ರಿ ತಿನ್ನುತ್ತದೆ, ಒಂದು ಹೊತ್ತಿನ ಸೊಪ್ಪು ತಪ್ಪಿದರೆ ಗೂಡು ತೆಳುವಾಗುತ್ತದೆ. ಹತ್ತಿರದ ಸಾಲುಗಳ ಸೊಪ್ಪು ಅರ್ಧ ತಟ್ಟೆಗಳಿಗಷ್ಟೇ ಸಾಕಾಗುತ್ತಿದ್ದರಿಂದ ಎರಡು ದಿನದಿಂದ ಮೂಡಲ ಅಂಚಿನ ಸಾಲಿಗೆ ಕೈ ಹಾಕಿದ್ದೆವು. ಅಂಚಿನ ಬೇಲಿಯ ಆಚೆ ಆ ವರ್ಷ ಹೊಸದಾಗಿ ಒಂದು ತಗಡಿನ ಶೆಡ್ಡು ಎದ್ದಿತ್ತು. ಬೋರ್ಡಿಲ್ಲ. ಹಳೆ ಬ್ಯಾಟರಿ ಕರಗಿಸುತ್ತಾರೆ ಎಂದು ಒಬ್ಬರು, ಪ್ಲಾಸ್ಟಿಕ್ ಎಂದು ಇನ್ನೊಬ್ಬರು. ಕೆಲಸಕ್ಕೆ ನಮ್ಮ ಕಡೆಯ ಯಾರನ್ನೂ ಕರೆದಿರಲಿಲ್ಲ. ಕೊಳವೆಯಿಂದ ಹೊಗೆ ಬರುತ್ತಿದ್ದದ್ದು ಮುಂಜಾನೆ ಮಾತ್ರ, ಅದೂ ನೆಲ ಹಿಡಿದು ಹರಿಯುವ ಹೊಗೆ.

ಅಂಚಿನ ಸಾಲಿನ ಎಲೆಗಳ ಮೇಲೆ ಬೂದು ಬಣ್ಣದ ಪದರವಿತ್ತು. ರಸ್ತೆಯ ಧೂಳು ಬೆರಳಿಗೆ ತರಿತರಿಯಾಗಿ ಸಿಗುತ್ತದೆ. ಇದು ಜಾರುತ್ತಿತ್ತು. ಸೆರಗಿನಿಂದ ಒರೆಸಿದರೆ ಹರಡಿತೇ ಹೊರತು ಹೋಗಲಿಲ್ಲ. ನಿಂತು ಯೋಚಿಸುವಷ್ಟು ಹೊತ್ತಿರಲಿಲ್ಲ. ಕಾಲುವೆಯ ನೀರಿನಲ್ಲಿ ಅದ್ದಿ, ಒದರಿ, ಹೊರೆ ಕಟ್ಟಿಕೊಂಡು ಬಂದೆ.

ಬರುವಷ್ಟರಲ್ಲಿ ಹತ್ತೂಕಾಲು. ನಡುಮನೆಯಲ್ಲಿ ಮಗು ಇರಲಿಲ್ಲ.

"ಅವ್ವ, ಮಗ ಎಲ್ಲಿ?"

"ಹುಳುಮನೇಲಿ ಮಲಗ್ಸಿವ್ನಿ. ಅಲ್ಲಿ ಬೆಚ್ಚಗೈತೆ."

ಅವ್ವನದು ತಪ್ಪು ಎಂದು ಈಗ ಸುಲಭವಾಗಿ ಹೇಳಬಹುದು. ಆದರೆ ನಮ್ಮಂಥ ಮನೆಗಳಲ್ಲಿ ಚಳಿಗಾಲದ ಬೆಳಗ್ಗೆ ಬೆಚ್ಚಗಿರುವುದು ಅದೊಂದೇ ಕೋಣೆ. ಬಾಣಂತಿಯರನ್ನೂ ಅಲ್ಲಿ ಮಲಗಿಸಿದ್ದಾರೆ. ಕಿಟಕಿಗೆ ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಬಾರದಂತೆ ಪರದೆ, ಅದರ ಮೇಲೆ ಗೋಣಿ. ಒಳಗೆ ಇದ್ದಿಲ ಕೆಂಡ. ಹಿಂದಿನ ಸಂಜೆಯಷ್ಟೇ ಹುಳುವಿಗೆ ರೋಗ ಬಾರದಂತೆ ಸುಣ್ಣ ಬೆರೆತ ಪುಡಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ತಟ್ಟೆಗಳ ಮೇಲೆಲ್ಲ ಉದುರಿಸಿದ್ದೆವು. ನಾನು ಬಾಗಿಲು ತೆಗೆದಾಗ ಬೆಳಕಿನ ಗೆರೆಯಲ್ಲಿ ಆ ಪುಡಿ ಇನ್ನೂ ತೇಲುತ್ತಿತ್ತು. ಅದರ ಕೆಳಗೆ ಮಗು ಕೂತಿತ್ತು. ಮಲಗಿರಲಿಲ್ಲ, ಮಲಗಲು ಆಗುತ್ತಿರಲಿಲ್ಲ. ಸೀಟಿ ಬಾಗಿಲಿಗೇ ಕೇಳುತ್ತಿತ್ತು.

ಪಂಪು ತಂದು ಮಾಸ್ಕು ಹಿಡಿದೆ. ಮಗು ಮುಖ ತಿರುಗಿಸಿದಳು. ಮತ್ತೆ ಹಿಡಿದೆ. ಕೈಯಿಂದ ದಬ್ಬಿದಳು, ಕಣ್ಣಲ್ಲಿ ನೀರು. ಹಟ ಮಾಡುವ ಮಗುವಲ್ಲ ಅದು. ಅವ್ವ ತಲೆ ಹಿಡಿದುಕೊಂಡಳು, ನಾನು ಒತ್ತಿದೆ. ಒಂದು, ಎರಡು. ರೆಪ್ಪೆ ಸರಿಯಾಗಿ ಆಡಲೇ ಇಲ್ಲ, ಅವಳು ಉಸಿರು ಬಿಗಿ ಹಿಡಿದಿದ್ದಳು.

"ಮೂಗು... ಉರೀತೈತೆ ಚಿಕ್ಕಿ."

ಮಾಸ್ಕನ್ನು ನನ್ನ ಮೂಗಿಗೆ ಹಿಡಿದು ನೋಡಿದೆ. ಬ್ಲೀಚಿಂಗ್ ಪುಡಿಯ ಘಾಟು ನೆತ್ತಿಗೆ ಹತ್ತಿತು.

"ಅವ್ವ, ಇದನ್ನ ಎಲ್ಲಿ ತೊಳೆದೆ?"

"ಬಾಗ್ಲ ಬೋಗುಣೀಲಿ. ಹುಳುಮನೆಗೆ ತಕ್ಕೊಂಡೋಗ್ಬೇಕಲ್ಲ, ಅಂಗೇ ತಕ್ಕೊಂಡೋಗಕ್ಕಾಯ್ತದಾ?"

ನಮ್ಮ ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬೋಗುಣಿ ಸದಾ ಇರುತ್ತದೆ. ಕೈ, ಕಾಲು, ತಟ್ಟೆ, ಚಾಕು, ಏನೇ ಒಳಗೆ ಹೋದರೂ ಅದರಲ್ಲಿ ಅದ್ದಿಯೇ ಹೋಗಬೇಕು. ಅವ್ವನಿಗೆ ಅದನ್ನು ಅಭ್ಯಾಸ ಮಾಡಿಸಿದ್ದೇ ನಾನು, ಎರಡು ವರ್ಷ ಜಗಳವಾಡಿ. ಅವಳು ಬುರುಡೆಯನ್ನೂ ಮಾಸ್ಕನ್ನೂ ಶ್ರದ್ಧೆಯಿಂದ ಅದ್ದಿ, ಒಳಗೆಲ್ಲ ಆಡಿಸಿ, ಬಟ್ಟೆಯಲ್ಲಿ ತಿಕ್ಕಿ ಒರೆಸಿ ಇಟ್ಟಿದ್ದಳು.

ಮಗುವನ್ನು ಎತ್ತಿಕೊಂಡು ಜಗಲಿಗೆ ಬಂದೆ. ಬುರುಡೆಯನ್ನು ಸೋಪಿನ ನೀರಿನಲ್ಲಿ ತೊಳೆದು, ಒಳ್ಳೆ ನೀರಿನಲ್ಲಿ ಜಾಲಿಸಿ ಜಾಲಿಸಿ, ಘಾಟು ಹೋಗುವವರೆಗೆ ಮೂಸಿ ನೋಡಿದೆ. ತಿಕ್ಕಿ ಒರೆಸಿದರೆ ಔಷಧಿ ಪ್ಲಾಸ್ಟಿಕ್ಕಿಗೇ ಅಂಟಿಕೊಳ್ಳುತ್ತದೆ, ಹಾಗೇ ಆರಬೇಕು ಎಂದು ಡಾಕ್ಟರು ಹೇಳಿದ್ದರು. ಆರುವಷ್ಟು ಕಾಯಲಾಗದೆ ನೀರು ಒದರಿ ಶುರು ಮಾಡಿದೆ. ಆಗ ಹನ್ನೊಂದಾಗಿತ್ತು.

ಇಲ್ಲಿ ನಾನು ಒಂದು ಲೆಕ್ಕ ಹಾಕಿದೆ. ತಗ್ಗಿ ಮೂರು ಗಂಟೆಯೊಳಗೆ ತಿರುಗಿ ಬಂದರೆ ಕರೆತನ್ನಿ ಎಂದು ಚೀಟಿಯಲ್ಲಿತ್ತು. ತಿರುಗಿ ಬಂದದ್ದು ನಿಜ. ಆದರೆ ಬಂದದ್ದು ಬ್ಲೀಚಿಂಗ್ ಘಾಟಿನಿಂದ, ಹುಳುಮನೆಯ ಪುಡಿಯಿಂದ. ಕಾರಣ ಸಿಕ್ಕಿದೆ, ಕಾರಣ ತೆಗೆದಾಗಿದೆ. ಆ ಎರಡು ಒತ್ತು ಒಳಗೆ ಹೋಗಿಯೇ ಇಲ್ಲ. ಆದ್ದರಿಂದ ಹನ್ನೊಂದರಿಂದ ಹೊಸದಾಗಿ ಎಣಿಸುವುದು ಸರಿ. ಬೆಳಗ್ಗೆಯಿಂದ ಪಂಪಿನ ಲೆಕ್ಕ ಬರೆಯುತ್ತಿದ್ದ ಹಾಳೆಯಲ್ಲಿ ಅಡ್ಡಗೆರೆ ಎಳೆದು ಮತ್ತೆ ಒಂದು ಎಂದು ಬರೆದೆ.

ಮೂರು ಸಲ ಆಗುವ ಹೊತ್ತಿಗೆ ಮಧ್ಯಾಹ್ನ. ಸ್ವಲ್ಪ ತಗ್ಗಿದಂತಿತ್ತು. ಎರಡು ತುತ್ತು ಮೊಸರನ್ನ ತಿಂದು ತಟ್ಟೆ ಸರಿಸಿದಳು. ಉಸಿರು ಮೂವತ್ತೆಂಟು. ಮೂವತ್ತಕ್ಕೆ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ.

ಈ ನಡುವೆ ಅವ್ವ ಹುಳುವಿಗೆ ಸೊಪ್ಪು ಹಾಕಿ ಬಂದಿದ್ದಳು. ಬಂದವಳು ಕಂಬಕ್ಕೆ ಒರಗಿ ನಿಂತಳು.

"ಯಾಕವ್ವ?"

"ಬಂದು ಕೇಳು."

ರೇಷ್ಮೆ ಬೆಳೆಯುವವರಿಗೆಲ್ಲ ಗೊತ್ತು, ಕೊನೆಯ ಹಂತದ ಹುಳು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಹನಿ ಮಳೆ ಬಿದ್ದ ಹಾಗಿರುತ್ತದೆ. ಬೆಳೆ ಚೆನ್ನಾಗಿದೆಯೋ ಇಲ್ಲವೋ ಎಂದು ನಾವು ತಿಳಿಯುವುದು ಅರ್ಧ ಕಿವಿಯಿಂದಲೇ. ಬಾಗಿಲಲ್ಲಿ ನಿಂತು ಕೇಳಿದೆ. ಬಲಗಡೆಯ ತಟ್ಟೆಗಳಲ್ಲಿ ಮಳೆಯ ಸದ್ದಿತ್ತು. ಎಡಗಡೆ, ಎರಡು ದಿನದಿಂದ ಅಂಚಿನ ಸಾಲಿನ ಸೊಪ್ಪು ತಿಂದ ತಟ್ಟೆಗಳಲ್ಲಿ ಏನೂ ಇರಲಿಲ್ಲ. ಹಸಿರು ಸೊಪ್ಪು ಹಾಸಿದಂತೆಯೇ ಇತ್ತು. ಹುಳುಗಳು ಅದರ ಮೇಲೆ ತಲೆ ಎತ್ತಿ ಅಲ್ಲಾಡದೆ ಕೂತಿದ್ದವು. ನೋಡುವವರಿಗೆ ಆರಾಮವಾಗಿ ಕೂತಂತೆ ಕಾಣುತ್ತದೆ.

"ಏನೋ ತಗಲೈತೆ," ಅಂದಳು ಅವ್ವ. "ಈ ಸೊಪ್ಪು ತೆಗೆದು ಬ್ಯಾರೆ ಹಾಕ್ಬೇಕು. ಒಬ್ಳ ಕೈಲಿ ಆಗಾಕಿಲ್ಲ. ನೀನೂ ಬಾ."

ಮಗುವನ್ನು ಜಗಲಿಯ ಕಂಬಕ್ಕೆ ದಿಂಬು ಕೊಟ್ಟು ಒರಗಿಸಿ, ಸೀಟಿ ಕೇಳುವಷ್ಟು ಹತ್ತಿರದಲ್ಲೇ ತಟ್ಟೆ ಹೊತ್ತು ತಂದು ಸೊಪ್ಪು ತೆಗೆಯತೊಡಗಿದೆವು. ಒಂದು ಕಿವಿ ಆ ಕಡೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಪಂಪು. ಒಂದೂವರೆಯಾಯಿತು, ಎರಡಾಯಿತು. ಸೀಟಿ ಹಾಗೇ ಇತ್ತು. ಇನ್ನೊಂದು ಸಲ ನೋಡಿ ಹೊರಡೋಣ ಎಂದುಕೊಂಡೆ.

ಎರಡೂ ಇಪ್ಪತ್ತರ ಸುಮಾರಿಗೆ ಅವ್ವ ತಲೆಯೆತ್ತಿದಳು. ಅವಳ ಮುಖ ಅರಳಿತು.

"ಕೇಳ್ದಾ? ಸೀಟಿ ನಿಂತೋಯ್ತು. ಮಗ ನಿದ್ದೆ ಮಾಡ್ತದೆ. ಎಬ್ಬುಸ್ಬ್ಯಾಡ ಕಣಮ್ಮಿ, ಒಸಿ ಮಲಗ್ಲಿ."

ನಿಜಕ್ಕೂ ಸೀಟಿ ನಿಂತಿತ್ತು. ಕೆಮ್ಮೂ ಇಲ್ಲ. ನನಗೂ ಒಂದು ಗಳಿಗೆ ಎದೆಯ ಭಾರ ಇಳಿದಂತಾಯಿತು. ಕೈಯಲ್ಲಿ ತಟ್ಟೆಯಿತ್ತು. ತಟ್ಟೆಯಲ್ಲಿ ಸೊಪ್ಪಿನ ಮೇಲೆ ಹುಳು ತಲೆ ಎತ್ತಿ ಕೂತಿದ್ದವು, ಸದ್ದಿಲ್ಲದೆ. ಅದನ್ನು ನೋಡಿದೆ, ಆಮೇಲೆ ಮಗುವಿನ ಕಡೆ ನೋಡಿದೆ. ಅವಳೂ ಗಲ್ಲ ಮೇಲೆತ್ತಿ ಕೂತಿದ್ದಳು.

ತಟ್ಟೆ ಕೆಳಗೆ ಹಾಕಿ ಓಡಿದೆ. ಅವಳ ಪಕ್ಕೆ ಮುಂಚಿಗಿಂತ ಆಳಕ್ಕೆ ಹೋಗುತ್ತಿತ್ತು. ಕೊರಳ ಕುಳಿಯೂ ಎಳೆಯುತ್ತಿತ್ತು. ಇಷ್ಟು ಎಳೆದರೂ ಸದ್ದಿಲ್ಲ. ಬೆನ್ನಿಗೆ ಕಿವಿ ಇಟ್ಟೆ. ಒಳಗೆ ಗಾಳಿ ಓಡಾಡುವ ಸದ್ದೇ ಇರಲಿಲ್ಲ. ಸೀಟಿ ಊದಲು ಕೂಡ ಗಾಳಿ ಬೇಕು.

"ಪುಟ್ಟಿ, ಬೆಕ್ಕಿನ ಮರಿ ಏನಂತದೆ?"

ಅವಳು ಅರ್ಧ ಕಣ್ಣು ತೆರೆದಳು. "ಮಲ್ಗ್ತು," ಅಂದಳು. ಅದೊಂದೇ ಮಾತು. ತುಟಿಯ ಅಂಚು ನೇರಳೆಯ ಬಣ್ಣಕ್ಕೆ ತಿರುಗಿತ್ತು.

ಊರಿಗೆ ಬರುವ ಬಸ್ಸು ಹೋಗಿಯಾಗಿತ್ತು. ಅಂಗಡಿಯ ಕಾಯಿನ್ ಫೋನಿಗೆ ಓಡಿ, ನಮ್ಮ ಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸುವ ಲಗೇಜ್ ಆಟೋದ ಭಾಯಿಗೆ ಮಾಡಿದೆ. ಅವರು ಪಕ್ಕದ ಊರಿನಲ್ಲಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಇಳಿಸುತ್ತಿದ್ದರು. "ಹುಳು ಇನ್ನೂ ಹಣ್ಣಾಗಿಲ್ಲ ಅಂದಿದ್ರಿ, ಈಗೇನು ಅರ್ಜೆಂಟು?" ಎಂದು ನಗುತ್ತಲೇ ಕೇಳಿದರು. ಮಗುವಿಗೆ ಉಸಿರು ಇಲ್ಲ ಅಂದೆ. ಅಷ್ಟಕ್ಕೆ ಫೋನು ಇಟ್ಟರು.

ಅವರು ಬರುವವರೆಗೆ ಇಪ್ಪತ್ತು ನಿಮಿಷದ ಲೆಕ್ಕ ಬಿಟ್ಟೆ. ಒಂದು ಒತ್ತು, ರೆಪ್ಪೆ ಆಡುವವರೆಗೆ ಕಾಯುವುದು, ಮತ್ತೊಂದು ಒತ್ತು. ರೆಪ್ಪೆ ಕದಲುವುದು ಕಾಣಲು ಕಣ್ಣು ಹತ್ತಿರ ಒಯ್ಯಬೇಕಾಗಿತ್ತು.

ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. "ನಾಕು ಗಂಟೆ ಸೊಪ್ಪು..." ಅಂದವಳು ಮಗುವಿನ ತುಟಿ ನೋಡಿದಳು. ಸೊಪ್ಪಿನ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಮಗುವನ್ನು ನನ್ನ ತೊಡೆಯಿಂದ ತಾನೇ ಎತ್ತಿಕೊಂಡಳು. "ಹುಳ ಹಾಳಾಗೋಗ್ಲಿ. ನಡಿ." ನನಗೆ ಬುದ್ಧಿ ಬಂದಾಗಿನಿಂದ ಅವ್ವ ಕೊನೆಯ ಹಂತದ ಹುಳು ಬಿಟ್ಟು ಊರ ಗಡಿ ದಾಟಿದವಳಲ್ಲ. ಹುಳುಮನೆಯ ಬಾಗಿಲನ್ನೂ ಹಾಕಲಿಲ್ಲ.

ಭಾಯಿ ಬಂದವರೇ, "ಮುಂದೆ ಕೂತ್ಕೋಮ್ಮಾ, ಹಿಂದೆ ಬರೀ ಧೂಳು. ಅಜ್ಜೀ, ನೀವು ಹಿಂದೆ ಹತ್ತಿ, ಗಟ್ಟಿಯಾಗಿ ಹಿಡ್ಕೊಳ್ಳಿ, ನಾನಿವತ್ತು ಗೂಡು ಓಡ್ಸಂಗೆ ಓಡ್ಸಲ್ಲ," ಅಂದರು. ಮಗುವನ್ನು ಎದೆಗೆ ನೆಟ್ಟಗೆ ಆನಿಸಿ ಕೂತೆ. ಹಳ್ಳ ಬಂದಾಗೆಲ್ಲ ಅವರು "ಈಗ ಒತ್ತಬೇಡ, ಈಗ ಒತ್ತು" ಎನ್ನುತ್ತಿದ್ದರು. ಹೆದ್ದಾರಿಯಲ್ಲಿ ಲಾರಿಗಳ ಸಾಲು. ಅವುಗಳ ಹೊಗೆಗೆ ಸೆರಗು ಅಡ್ಡ ಹಿಡಿದೆ. ಭಾಯಿ ಹಾರನ್ನಿನಿಂದ ಕೈ ತೆಗೆಯಲಿಲ್ಲ. ಮಗು ಮಾತ್ರ ಆ ಸದ್ದಿಗೂ ಕಣ್ಣು ತೆರೆಯಲಿಲ್ಲ.

ಡಾಕ್ಟರು ನೋಡಿದ ಕೂಡಲೇ ಕೇಳಿದ್ದು, "ಸದ್ದು ಯಾವಾಗ ನಿಂತಿದ್ದು?"

"ಎರಡೂ ಇಪ್ಪತ್ತಕ್ಕೆ."

ಆಮೇಲೆ ನನ್ನನ್ನು ಪಕ್ಕಕ್ಕೆ ಸರಿಸಿದರು. ಆಕ್ಸಿಜನ್, ಹೊಗೆಯಂತೆ ಔಷಧಿ ಕೊಡುವ ಯಂತ್ರ, ಒಂದು ಇಂಜೆಕ್ಷನ್. ಅವ್ವ ಗೋಡೆಗೆ ಬೆನ್ನು ಹಚ್ಚಿ ನೆಲಕ್ಕೆ ಕೂತಳು. ಅವಳ ಕೈಯಿಂದ ಬ್ಲೀಚಿಂಗ್ ವಾಸನೆ ಬರುತ್ತಿತ್ತು. ಅವಳಿಗೂ ಅದು ಬಂದಿರಬೇಕು, ಕೈಗಳನ್ನು ಕಂಕುಳಲ್ಲಿ ಮುಚ್ಚಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಪರದೆಯ ಆಚೆಯಿಂದ ಸೀಟಿ ಕೇಳಿಸಿತು. ಜೋರಾಗಿ, ಬೆಳಗಿನದಕ್ಕಿಂತ ಜೋರಾಗಿ. ಅವ್ವ ಹೆದರಿ ಎದ್ದಳು.

"ಕೂತ್ಕೊಳ್ಳಿ ಅಜ್ಜಿ, ಒಳ್ಳೇದೇ ಆಗ್ತಿದೆ. ಗಾಳಿ ಓಡಾಡ್ತಿದೆ," ಅಂದರು ಡಾಕ್ಟರು. ಆಮೇಲೆ ನನ್ನ ಹಾಳೆ ಇಸಿದುಕೊಂಡು ಓದಿದರು. ಅಡ್ಡಗೆರೆಯ ಹತ್ತಿರ ಬೆರಳಿಟ್ಟರು.

"ಇದೇನು?"

ಹೇಳಿದೆ. ಕಾರಣ ಸಿಕ್ಕಿತ್ತು, ಅದಕ್ಕೆ ಹೊಸದಾಗಿ ಎಣಿಸಿದೆ ಎಂದು.

"ನೀನು ಲೆಕ್ಕ ಹೊಸದಾಗಿ ಶುರು ಮಾಡ್ದೆ ಕಣಮ್ಮ. ಅವಳ ಎದೆ ಮಾಡ್ಲಿಲ್ಲ. ಹತ್ತೂಕಾಲಿಗೇ ಹೊರಡಬೇಕಿತ್ತು ನೀವು." ಹಾಳೆ ಮಡಿಸಿ ನನ್ನ ಕೈಗೇ ಕೊಟ್ಟರು. "ಎರಡೂ ಇಪ್ಪತ್ತಕ್ಕೆ ಎದ್ದಿದ್ದಕ್ಕೆ ಸರಿಹೋಯ್ತು."

ಅಕ್ಕ ಕಾರ್ಖಾನೆಯ ಏಪ್ರನ್ನಿನಲ್ಲೇ ಬಂದಳು, ಆರು ಗಂಟೆಗೆ. ಮಗು ಅವಳನ್ನು ನೋಡಿ, "ಅಮ್ಮ, ಭಾಯಿ ಗಾಡೀಲಿ ನಾನು ಮುಂದೆ ಕೂತಿದ್ದೆ," ಅಂದಳು. ಪೂರಾ ಒಂದು ವಾಕ್ಯ. ಅಕ್ಕನಿಗೆ ಅದರ ಬೆಲೆ ಆಗ ಗೊತ್ತಾಗಲಿಲ್ಲ.

ಮೂರನೆಯ ದಿನ ಮನೆಗೆ ಬಂದೆವು. ಬಲಗಡೆಯ ಹುಳುಗಳನ್ನು ಪಕ್ಕದ ಮನೆಯವರು ಸೊಪ್ಪು ಹಾಕಿ ಉಳಿಸಿದ್ದರು, ಗೂಡು ಕಟ್ಟಿದವು. ಎಡಗಡೆಯವು ಕಟ್ಟಲಿಲ್ಲ. ಮೆತ್ತಗಾಗಿ, ಬಾಯಿಂದ ಹಸಿರು ನೀರು ಬಿಟ್ಟು ಸತ್ತವು. ತೋಡಿ ಹೂತು ಮೇಲೆ ಸುಣ್ಣ ಹಾಕಿದೆ.

ಈಗ ಹುಳುಮನೆಯನ್ನು ಮನೆಯಿಂದ ಬೇರೆ ಮಾಡಿ ಹೊಲದಲ್ಲೇ ಕಟ್ಟಿದ್ದೇವೆ. ಬುರುಡೆಯನ್ನು ತೊಳೆಯುವುದು ನಾನೊಬ್ಬಳೇ. ಅವ್ವ ಅದನ್ನು ಮುಟ್ಟುವುದಿಲ್ಲ. ಮಗು ದಿನಾ ಹಾಕಿಕೊಳ್ಳುವ ಇನ್ನೊಂದು ಪಂಪು ಬಂದಿದೆ. ಅಡ್ಡಗೆರೆ ಎಳೆಯುವುದನ್ನು ಬಿಟ್ಟಿದ್ದೇನೆ. ಆದರೂ ಒಂದು ವರ್ಷದಲ್ಲಿ ಇನ್ನೆರಡು ಸಲ ದಮ್ಮು ಬಂತು. ಎರಡು ಸಲವೂ ಮುಂಜಾನೆ, ಎರಡು ಸಲವೂ ಗಾಳಿ ಶೆಡ್ಡಿನ ಕಡೆಯಿಂದ. ಆಗ ಮನೆಯಲ್ಲಿ ಇದ್ದಿಲಿರಲಿಲ್ಲ, ಪುಡಿಯಿರಲಿಲ್ಲ, ಬ್ಲೀಚಿಂಗ್ ಇರಲಿಲ್ಲ. ಎರಡು ಸಲ ಎಂಬುದು ಪುರಾವೆಯಲ್ಲ ಎಂದು ನನಗೆ ಗೊತ್ತು. ನಮ್ಮ ಬೀದಿಯ ಇನ್ನೊಂದು ಮಗುವಿಗೂ ಈ ಚಳಿಗಾಲ ಸೀಟಿ ಶುರುವಾಗಿದೆ. ಪಂಚಾಯಿತಿಯಲ್ಲಿ ಕೇಳಿದರೆ, "ಎಲ್ಲಾ ಪರ್ಮಿಶನ್ ಐತೆ ಕಣಮ್ಮ, ಹುಳ ಸಾಯೋದೇನು ಹೊಸದಾ?" ಎಂದರು.

ಅಂಚಿನ ಸಾಲಿನ ಸೊಪ್ಪನ್ನು ಈಗ ಕೊಯ್ಯುವುದಿಲ್ಲ. ಅದರ ಎಲೆಗಳನ್ನು ಒಣಗಿಸಿ ಕಾಗದದ ನಡುವೆ ಇಟ್ಟಿದ್ದೇನೆ. ಎಲೆಯ ಮೇಲೆ ಜಾರುವ ಬೂದು ಪದರ, ನೀರಿಗೆ ಹೋಗುವುದಿಲ್ಲ, ಉಜ್ಜಿದರೆ ಬೆರಳು ಕಪ್ಪಾಗುತ್ತದೆ, ಮೂಸಿದರೆ ನಾಲಿಗೆಯ ಮೇಲೆ ಕಬ್ಬಿಣ ಇಟ್ಟಂತಾಗುತ್ತದೆ. ಮುಂಜಾನೆ ಮಾತ್ರ ಬಿಡುವ ಹೊಗೆ. ಇದು ಏನನ್ನು ಕರಗಿಸಿದಾಗ ಬರುವುದು, ಎಲೆಯನ್ನು ಎಲ್ಲಿಗೆ ಕಳಿಸಿದರೆ ಪರೀಕ್ಷೆ ಮಾಡುತ್ತಾರೆ, ಇಂಥ ಗಾಳಿಯಲ್ಲಿ ಆಸ್ತಮಾದ ಮಗುವನ್ನು ಹೇಗೆ ಇಟ್ಟುಕೊಳ್ಳಬೇಕು, ತಿಳಿದವರು ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಮಾಗಡಿ, ಕನಕಪುರದ ಕಡೆ ಹೊಸ ಶೆಡ್ಡುಗಳ ಪಕ್ಕ ಹುಳು ಸಾಕುವವರಿದ್ದರೆ, ನಿಮ್ಮ ಹುಳು ಸೊಪ್ಪಿನ ಮೇಲೆ ಸದ್ದಿಲ್ಲದೆ ಕೂತದ್ದುಂಟೇ ಎಂಬುದನ್ನಾದರೂ ತಿಳಿಸಿ. ತಡ ಮಾಡಬೇಡಿ. ಈ ವಾರದಿಂದ ಗಾಳಿ ಮತ್ತೆ ಮೂಡಲಿಂದ ಬೀಸುತ್ತಿದೆ.